ಮೊದಲು ಹುಡುಕಿ, ಆಮೇಲೆ ಬಿಚ್ಚಿ

ಗಣೇಶಗುಡಿ ಎಂದರೆ ಹೊರಗಿನವರಿಗೆ ಕಾಳಿ ನದಿಯ ರ‍್ಯಾಫ್ಟಿಂಗ್, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ವಾರದ ಕೊನೆಯ ಹೋಮ್‌ಸ್ಟೇ. ಇಲ್ಲೇ ಬದುಕುವವರಿಗೆ ಇನ್ನೊಂದು ಗುರುತಿದೆ. ಅದು ಹಳೆಯ ಡೀಸೆಲ್ ಜೀಪು. ಜೋಯಿಡಾ ತಾಲ್ಲೂಕಿನ ಎಷ್ಟೋ ಮನೆಗಳು ಕಾಡಿನ ನಡುವೆ ದೂರ ದೂರ ಚದುರಿವೆ. ಬಸ್ಸು ಮುಖ್ಯರಸ್ತೆಯಲ್ಲಿ ಬಂದು ಹೋಗುತ್ತದೆ, ಅಲ್ಲಿಂದ ಒಳಗೆ ಮಣ್ಣಿನ ದಾರಿ. ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೂ, ಗೆಡ್ಡೆ-ಗೆಣಸು ಸಂತೆಗೆ ಒಯ್ಯುವುದಕ್ಕೂ, ಮದುವೆಗೆ ಪಾತ್ರೆ ತರುವುದಕ್ಕೂ ಜೀಪೇ ಬೇಕು. ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದ ಮೇಜರ್, ಕಮಾಂಡರ್, ಮಾರ್ಷಲ್‌ಗಳು ಇಂದಿಗೂ ನಮ್ಮ ಅಂಗಳಗಳಲ್ಲಿ ನಿಂತಿರುವುದು ಶೋಕಿಗಲ್ಲ, ಗತಿಯಿಲ್ಲದ್ದಕ್ಕೆ.

ಅಂಥ ಗಾಡಿ ಒಂದು ದಿನ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಏನು ಮಾಡುತ್ತೀರಿ? ದಾಂಡೇಲಿಗೆ ಫೋನ್ ಮಾಡುತ್ತೇವೆ. ಮೆಕ್ಯಾನಿಕ್ ಬರುವವರೆಗೆ ಕಾಯುತ್ತೇವೆ. ಕಾಯುವ ಹೊತ್ತಿನಲ್ಲಿ ಮೊಬೈಲ್ ನೋಡುತ್ತೇವೆ. ಪದವಿ ಮುಗಿಸಿ ಕೆಲಸ ಹುಡುಕುತ್ತ ಮನೆಯಲ್ಲಿ ಕೂತಿರುವ ನಮ್ಮಂಥವರು ಆ ಬಾನೆಟ್ ಎತ್ತಿ ಒಳಗೇನಿದೆ ಎಂದು ನೋಡುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೆ: ಹಳೆಯ ಡೀಸೆಲ್ ಗಾಡಿಯ ಸಣ್ಣ ರಿಪೇರಿಯನ್ನು ನಾವೇ ಮಾಡಲು ಕಲಿಯಬೇಕು. ದುಡ್ಡು ಉಳಿಯುತ್ತದೆ, ನಿಜ. ಆದರೆ ಅದಕ್ಕಿಂತ ದೊಡ್ಡದು, ಒಂದು ತೊಂದರೆಯ ಮೂಲವನ್ನು ಹಂತ ಹಂತವಾಗಿ ಹುಡುಕುವ ಅಭ್ಯಾಸ ಕೈಗೆ ಬರುತ್ತದೆ. ಎಲ್ಲಿ ಕೈ ಹಾಕಬಾರದು ಎಂಬುದೂ ತಿಳಿಯುತ್ತದೆ. ಇವೆರಡನ್ನೂ ನನ್ನ ಬಿ.ಕಾಂ. ಕಲಿಸಲಿಲ್ಲ.

ಹಳೆಯ ಜೀಪೇ ಯಾಕೆ ಒಳ್ಳೆಯ ಗುರು ಎಂದರೆ ಅದರಲ್ಲಿ ಬಚ್ಚಿಟ್ಟಿರುವುದು ಕಡಿಮೆ. ಮಹೀಂದ್ರಾ ಕಂಪನಿ 1979ರಲ್ಲಿ ಫ್ರಾನ್ಸಿನ ಪ್ಯೂಜೊ ಜೊತೆ ಒಪ್ಪಂದ ಮಾಡಿಕೊಂಡು ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಎಂಜಿನ್ ತಂದಿತು. ಆ ಹೆಸರಿನಲ್ಲೇ ಅದರ ಜಾತಕವಿದೆ: ನಾಲ್ಕು ಸಿಲಿಂಡರ್, ಒಂದೊಂದರ ವ್ಯಾಸ 90 ಮಿಲಿಮೀಟರ್. ಆ ಕಾಲದ ಜೀಪುಗಳಲ್ಲಿ ಎಂಜಿನ್ ನಡೆಸಲು ಕಂಪ್ಯೂಟರ್ ಇಲ್ಲ, ಸೆನ್ಸರ್‌ಗಳ ಸರಮಾಲೆ ಇಲ್ಲ. ಟ್ಯಾಂಕಿನಿಂದ ಪೈಪು, ಪೈಪಿನಿಂದ ಫೀಡ್ ಪಂಪ್, ಅಲ್ಲಿಂದ ಫಿಲ್ಟರ್, ಫಿಲ್ಟರಿನಿಂದ ದೊಡ್ಡ ಪಂಪ್, ಅಲ್ಲಿಂದ ನಾಲ್ಕು ಸಣ್ಣ ಉಕ್ಕಿನ ಪೈಪುಗಳಲ್ಲಿ ನಾಝಲ್‌ಗಳಿಗೆ. ಗಾಡಿಯಿಂದ ಗಾಡಿಗೆ ಫಿಲ್ಟರ್, ಪಂಪುಗಳ ಜಾಗ ಬದಲಾಗಬಹುದು, ಆದರೆ ಡೀಸೆಲ್ಲಿನ ದಾರಿಯನ್ನು ಬೆರಳಿಟ್ಟು ತೋರಿಸಬಹುದು.

ಡೀಸೆಲ್ ಎಂಜಿನ್ನಿನ ತತ್ವವೂ ಪಿಯುಸಿ ಓದಿದವರಿಗೆ ಹೊಸದಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರಲಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು ಕೆಂಡದಂತೆ ಕಾಯುತ್ತದೆ, ಅದರ ಮೇಲೆ ಡೀಸೆಲ್ ಮಂಜಿನಂತೆ ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಂದರೆ ಈ ಎಂಜಿನ್‌ಗೆ ಮುಖ್ಯವಾಗಿ ಬೇಕಾದದ್ದು ಮೂರು: ಜೋರಾಗಿ ತಿರುಗಿಸುವ ಬ್ಯಾಟರಿ, ಸಾಕಷ್ಟು ಗಾಳಿ ಮತ್ತು ಒತ್ತಡ, ಗಾಳಿಗುಳ್ಳೆ ಇಲ್ಲದ ಶುದ್ಧ ಡೀಸೆಲ್. ತಣ್ಣಗಿರುವಾಗ ಶುರುವಾಗಲು ಹಳೆಯ ಎಂಜಿನ್‌ಗಳಿಗೆ ಹೀಟರ್ ಪ್ಲಗ್‌ಗಳ ಸಹಾಯವೂ ಬೇಕು. ಸ್ಟಾರ್ಟ್ ಆಗುತ್ತಿಲ್ಲ ಎಂದರೆ ಇವುಗಳಲ್ಲಿ ಒಂದು ಕೈಕೊಟ್ಟಿದೆ. ಯಾವುದು ಎಂದು ಕಂಡುಹಿಡಿಯುವುದೇ ಅರ್ಧ ರಿಪೇರಿ.

ನಮ್ಮಲ್ಲಿ ಈ ಅರ್ಧವನ್ನು ಬಿಟ್ಟು ನೇರ ಇನ್ನರ್ಧಕ್ಕೆ ಹೋಗುವ ಚಾಳಿ ಇದೆ. ಯೂಟ್ಯೂಬಿನಲ್ಲಿ ಹೀಟರ್ ಪ್ಲಗ್ ಬದಲಿಸುವ ವಿಡಿಯೊ ಇದೆ, ಪಂಪ್ ಬಿಚ್ಚುವ ವಿಡಿಯೊ ಇದೆ. ಅವು ಹೇಗೆ ಬಿಚ್ಚಬೇಕು ಎಂದು ಚೆನ್ನಾಗಿ ತೋರಿಸುತ್ತವೆ. ನಿಮ್ಮ ಗಾಡಿಯಲ್ಲಿ ಅದನ್ನು ಬಿಚ್ಚಬೇಕೋ ಬೇಡವೋ ಎಂದು ಹೇಳುವುದಿಲ್ಲ. ಜ್ವರ ಬಂದ ಕೂಡಲೇ ಆಪರೇಷನ್ನಿನ ವಿಡಿಯೊ ನೋಡಿದ ಹಾಗೆ ಇದು.

ಕಳೆದ ಮಳೆಗಾಲದಲ್ಲಿ ನಮ್ಮ ಕಾಕಾನ ಜೀಪು ಇದೇ ತಾಪತ್ರಯ ಕೊಡಲು ಶುರುಮಾಡಿತು. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಹತ್ತು ನಿಮಿಷ ಮೊಂಡು ಹಿಡಿಯುವುದು, ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ಸರಿಯಾಗಿ ಓಡುವುದು. ವಾರಕ್ಕೊಮ್ಮೆ ಅಜ್ಜಿಯನ್ನು ದಾಂಡೇಲಿಯ ಡಾಕ್ಟರ ಬಳಿ ಕರೆದೊಯ್ಯಬೇಕು, ಹೀಗಾಗಿ ಸುಮ್ಮನೆ ಬಿಡುವಂತಿರಲಿಲ್ಲ. ಒಂದು ಗ್ಯಾರೇಜಿಗೆ ಫೋನ್ ಮಾಡಿದಾಗ ಗಾಡಿ ನೋಡದೆಯೇ ಉತ್ತರ ಬಂತು: ಪಂಪ್ ಹೋಗಿದೆ, ಬಿಚ್ಚಿ ಹುಬ್ಬಳ್ಳಿಗೆ ಕಳಿಸಬೇಕು, ಇಪ್ಪತ್ತು ಸಾವಿರ ಇಟ್ಟುಕೊಳ್ಳಿ.

“ತಂಗೀ, ಇಷ್ಟ ರೊಕ್ಕ ಹಾಕೋದಕ್ಕಿಂತ ಗುಜರಿಗೆ ಕೊಡೋದ ಚಲೋ ಅನಸ್ತೈತಿ ನೋಡು” ಎಂದ ಕಾಕಾ.

“ನೋಡದ ಹೆಂಗ ಗೊತ್ತಾತು ಕಾಕಾ ಅವರಿಗೆ? ಮೂರು ದಿನ ತಡಿ, ನಾವ ಹುಡುಕೂಣು” ಎಂದೆ.

ಮೊದಲ ದಿನ ಪಾನಾ ಮುಟ್ಟಲೇ ಇಲ್ಲ. ಕಾಕಾ ಸೆಲ್ಫ್ ಹೊಡೆದ, ನಾನು ಹಿಂದೆ ಸೈಲೆನ್ಸರ್ ಬಳಿ ನಿಂತು ನೋಡಿದೆ. ಎಂಜಿನ್ ಜೋರಾಗಿ ತಿರುಗುತ್ತಿತ್ತು, ಅಂದರೆ ಬ್ಯಾಟರಿ ಸರಿ ಇದೆ. ಆದರೆ ಹೊಗೆಯೇ ಇಲ್ಲ. ಇದು ದೊಡ್ಡ ಸುಳಿವು. ಡೀಸೆಲ್ ಬಂದು ಹೊತ್ತದೇ ಉಳಿದಿದ್ದರೆ, ಉದಾಹರಣೆಗೆ ಹೀಟರ್ ಪ್ಲಗ್ ಸತ್ತಿದ್ದರೆ, ಬಿಳಿ ಹೊಗೆ ಬರುತ್ತದೆ. ಹೊಗೆಯೇ ಇಲ್ಲವೆಂದರೆ ಡೀಸೆಲ್ಲೇ ಎಂಜಿನ್ ಮುಟ್ಟುತ್ತಿಲ್ಲ. ಹಾಗೆಯೇ ಓಡುವಾಗ ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ, ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ಲೆಕ್ಕ. ಇದಕ್ಕೆ ಬೇಕಾದದ್ದು ಎರಡು ಕಣ್ಣು ಮಾತ್ರ.

ಎರಡನೆಯ ದಿನ ಸೆಲ್ಫ್ ಹೊಡೆಯುವ ಮೊದಲೇ ಕೈಪಂಪ್ ಒತ್ತಿದೆವು. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದಾಗ ಅದನ್ನು ಹೊರಗೆ ತಳ್ಳಲೆಂದೇ ಇರುವ ಸಣ್ಣ ಪಂಪ್ ಅದು. ಮೊದಮೊದಲು ಮೆತ್ತಗೆ ಒಳಹೋಯಿತು, ಇಪ್ಪತ್ತು ಮೂವತ್ತು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಆಮೇಲೆ ಸೆಲ್ಫ್ ಹೊಡೆದರೆ ಮೊದಲ ಸಲಕ್ಕೇ ಸ್ಟಾರ್ಟ್! ಅಂದರೆ ರಾತ್ರಿಯಿಡೀ ನಿಂತಾಗ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿದುಹೋಗುತ್ತಿದೆ, ಆ ಜಾಗಕ್ಕೆ ಗಾಳಿ ಬರುತ್ತಿದೆ. ನಮ್ಮ ಅಂಗಳ ಇಳಿಜಾರು, ಜೀಪು ನಿಲ್ಲುವುದು ಮೂತಿ ಮೇಲೆ ಮಾಡಿಕೊಂಡು. ಅದಕ್ಕೂ ಇದಕ್ಕೂ ಹೊಂದಾಣಿಕೆಯಾಯಿತು.

ಮೂರನೆಯ ಕೆಲಸ, ಗಾಳಿ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದು. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ ಬಳಿ ಬಿಡಿಸಿ, ಅದರ ಬದಲು ಒಂದು ಶುಚಿಯಾದ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಎಂಜಿನ್ನಿನ ಬಿಸಿ ಭಾಗಗಳಿಂದ ದೂರದಲ್ಲಿ, ಎತ್ತರದಲ್ಲಿ ಕಟ್ಟಿ, ಹೊಸ ಪೈಪಿನಿಂದ ಜೋಡಿಸಿದೆವು. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್ ಆಯಿತು. ಹಾಗಾದರೆ ಪಂಪ್, ಫಿಲ್ಟರ್, ನಾಝಲ್ ಕಡೆ ದೋಷವಿಲ್ಲ. ತಪ್ಪಿರುವುದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಕೆಲವೇ ಅಡಿಗಳಲ್ಲಿ. ಒಂದೇ ಪ್ರಯೋಗ ಅನುಮಾನದ ಜಾಗವನ್ನು ಅರ್ಧಕ್ಕಿಂತ ಕಡಿಮೆ ಮಾಡಿತು. ಆ ಅಡಿಗಳನ್ನು ತಡವುತ್ತ ಹೋದಾಗ ಒಂದು ಕ್ಲಿಪ್ಪಿನ ಕೆಳಗೆ ರಬ್ಬರ್ ಪೈಪು ಒಣಗಿ ಬಿರುಕು ಬಿಟ್ಟದ್ದು ಸಿಕ್ಕಿತು. ವಯಸ್ಸಾದ ರಬ್ಬರಿನ ಸಹಜ ಸಾವು ಅದು. ಅಲ್ಲಿ ಒಂದು ಹನಿ ಡೀಸೆಲ್ಲೂ ಸೋರಿರಲಿಲ್ಲ. ಯಾಕೆಂದರೆ ಆ ಭಾಗದಲ್ಲಿ ಪಂಪ್ ಡೀಸೆಲ್ಲನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಬಿರುಕು ಬಿದ್ದರೆ ಡೀಸೆಲ್ ಹೊರಬರುವುದರ ಬದಲು ಗಾಳಿ ಒಳಹೋಗುತ್ತದೆ. ಸೋರಿಕೆ ಕಾಣದ ಸೋರಿಕೆ!

ಡೀಸೆಲ್‌ಗೆಂದೇ ಬರುವ ಪೈಪು, ಎರಡು ಕ್ಲಿಪ್ಪು, ಒಟ್ಟು ಮುನ್ನೂರು ರೂಪಾಯಿ ಒಳಗೆ ಮುಗಿಯಿತು. ಇಪ್ಪತ್ತು ಸಾವಿರದ ಪಂಪ್ ಕೆಲಸ ಬೇಕಾಗಲಿಲ್ಲ. ಕಾಕಾ ಗುಜರಿಯ ಮಾತು ಎತ್ತಲಿಲ್ಲ.

ಈ ಲೆಕ್ಕ ಕೇಳಿ ಯಾರಾದರೂ ಹೇಳಬಹುದು, ಗ್ಯಾರೇಜಿನವರೆಲ್ಲ ಮೋಸಗಾರರು ಅಂತ. ನನ್ನ ಮಾತಿನ ಅರ್ಥ ಅದಲ್ಲ. ಫೋನಿನಲ್ಲಿ “ಸ್ಟಾರ್ಟ್ ಆಗ್ತಿಲ್ಲ” ಎಂದಷ್ಟೇ ಹೇಳಿದರೆ ಯಾರಾದರೂ ಅಂದಾಜು ಮಾಡಬೇಕಾಗುತ್ತದೆ. “ಜೋರಾಗಿ ತಿರುಗುತ್ತದೆ, ಹೊಗೆ ಇಲ್ಲ, ಕೈಪಂಪ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ” ಎಂದು ಹೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು. ಒಳ್ಳೆಯ ಮಿಸ್ತ್ರಿಗೆ ಒಳ್ಳೆಯ ಗಿರಾಕಿಯೂ ಬೇಕು. ನಾವೇ ಸ್ವಲ್ಪ ತಿಳಿದಿದ್ದರೆ ಅವರ ಹೊತ್ತೂ ಉಳಿಯುತ್ತದೆ, ನಮ್ಮ ರೊಕ್ಕವೂ ಉಳಿಯುತ್ತದೆ, ಇಬ್ಬರ ನಡುವೆ ನಂಬಿಕೆಯೂ ಉಳಿಯುತ್ತದೆ.

ಇನ್ನು ಎಲ್ಲಿ ನಿಲ್ಲಬೇಕು ಎಂಬ ಮಾತು. ಜೀಪು ಸ್ಟಾರ್ಟ್ ಆದ ಹುರುಪಿನಲ್ಲಿ ಕಾಕಾ ನಾಝಲ್‌ಗಳನ್ನೂ ಬಿಚ್ಚಿ ಒರೆಸೋಣ ಎಂದ. ನಾನು ಬೇಡವೆಂದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಆಸುಪಾಸಿನ ಒತ್ತಡ. ಹಳೆಯ ಜೀಪಿನ ನಾಝಲ್ ಬಾಯಿ ತೆರೆಯಲು ನೂರಕ್ಕೂ ಹೆಚ್ಚು ಬಾರ್ ಬೇಕು. ಅದು ಎಷ್ಟು ಒತ್ತಡಕ್ಕೆ ತೆರೆಯುತ್ತದೆ, ಹನಿಯುತ್ತದೋ ಮಂಜಿನಂತೆ ಚಿಮ್ಮುತ್ತದೋ ಎಂದು ನೋಡಲು ಪಂಪ್ ರಿಪೇರಿ ಅಂಗಡಿಯಲ್ಲಿ ಬೇರೆಯೇ ಯಂತ್ರವಿದೆ. ಮನೆಯಲ್ಲಿ ಒರೆಸಿ ಹಾಕಿದರೆ ಸರಿಯಾಯಿತೋ ಕೆಟ್ಟಿತೋ ಎಂದು ತಿಳಿಯುವ ದಾರಿಯೇ ಇಲ್ಲ. ಅಲ್ಲದೆ ಆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗಬಲ್ಲದು. ಗಾಯ ಸೂಜಿಮೊನೆಯಷ್ಟೇ ಕಂಡರೂ ಬೆರಳು ಕಳೆದುಕೊಳ್ಳುವ ಅಪಾಯವಿದೆ, ಹಾಗಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಹೊಸ ಕಾಮನ್ ರೈಲ್ ಗಾಡಿಗಳಲ್ಲಂತೂ ಈ ಒತ್ತಡ ಸಾವಿರ ಬಾರ್ ದಾಟುತ್ತದೆ. ಹಳೆಯ ಜೀಪಿನಲ್ಲಿ ಗಾಳಿ ತೆಗೆಯಲು ನಾಝಲ್ ಪೈಪಿನ ನಟ್ ಸಡಿಲಿಸುವ ಉಪಾಯವನ್ನು ಅವುಗಳ ಮೇಲೆ ಎಂದೂ ಪ್ರಯೋಗಿಸಬಾರದು.

ಹಾಗಾಗಿ ನನ್ನ ಪಟ್ಟಿ ಎರಡು ಭಾಗವಾಗಿದೆ. ನಾವು ಮಾಡಬಹುದಾದದ್ದು: ಬ್ಯಾಟರಿ ಟರ್ಮಿನಲ್ ಉಜ್ಜುವುದು, ಅರ್ಥಿಂಗ್ ವೈರ್ ನೋಡುವುದು, ಡೀಸೆಲ್ ಫಿಲ್ಟರ್ ಬದಲಿಸಿ ಗಾಳಿ ತೆಗೆಯುವುದು, ಫಿಲ್ಟರಿನ ತಳದ ನೀರು ಬಿಡುವುದು, ಏರ್ ಫಿಲ್ಟರ್ ಶುಚಿ ಮಾಡುವುದು, ರಬ್ಬರ್ ಪೈಪು ಮತ್ತು ಕ್ಲಿಪ್ಪು ಬದಲಿಸುವುದು, ಹೀಟರ್ ಪ್ಲಗ್‌ಗಳನ್ನು ಮಲ್ಟಿಮೀಟರಿನಿಂದ ಪರೀಕ್ಷಿಸುವುದು, ಎಂಜಿನ್ ಆಯಿಲ್ ಬದಲಿಸುವುದು. ಕಲಿಯದೆ ಮುಟ್ಟಬಾರದ್ದು: ಪಂಪಿನ ಒಳಭಾಗ, ನಾಝಲ್, ಟೈಮಿಂಗ್, ಬ್ರೇಕು, ಸ್ಟೀರಿಂಗು. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ಅಣಶಿ ಘಟ್ಟ ಇಳಿಯುವವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ.

ಇನ್ನೂ ಕೆಲವು ಎಚ್ಚರಿಕೆ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ತೂರಬೇಡಿ, ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ. ವೇಲ್, ಸಡಿಲ ತೋಳು, ಬಳೆ, ವಾಚು ಇವು ಫ್ಯಾನ್ ಬೆಲ್ಟಿನ ಬಳಿ ಬೇಡ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಚಳಿಯಲ್ಲಿ ಸ್ಟಾರ್ಟ್ ಆಗಲೆಂದು ಗಾಳಿ ಎಳೆಯುವ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು, ಪೆಟ್ರೋಲ್ ಚಿಮುಕಿಸುವುದು ಹಳ್ಳಿಗಳಲ್ಲಿ ಇನ್ನೂ ಇದೆ, ಅದು ಬೆಂಕಿಯ ಜೊತೆ ಸರಸ. ಬದಲಿಸಿದ ಹಳೆ ಆಯಿಲ್ಲನ್ನು ಹಳ್ಳಕ್ಕೆ ಚೆಲ್ಲಬೇಡಿ. ನಮ್ಮ ಹಳ್ಳಗಳು ಸೇರುವುದು ಕಾಳಿಗೆ, ಸುತ್ತ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕ್ಯಾನಿನಲ್ಲಿ ತುಂಬಿಟ್ಟು, ಬಳಸಿದ ಆಯಿಲ್ ಕೊಳ್ಳುವವರಿಗೆ ತಲುಪುವಂತೆ ಗ್ಯಾರೇಜಿಗೆ ಕೊಡಿ.

ಹಳೆ ಡೀಸೆಲ್ ಗಾಡಿಯನ್ನು ಉಳಿಸಿಕೊಳ್ಳುವುದೇ ತಪ್ಪಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ದಿಲ್ಲಿಯ ಹೊಗೆ ನೋಡಿ ಹಸಿರು ನ್ಯಾಯಮಂಡಳಿ 2015ರಲ್ಲಿ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ತಡೆ ಹಾಕಿತು. 2021ರಲ್ಲಿ ಕೇಂದ್ರ ಸರ್ಕಾರ ಗುಜರಿ ನೀತಿ ಪ್ರಕಟಿಸಿತು. ನಮ್ಮಲ್ಲೂ ಖಾಸಗಿ ಗಾಡಿಗೆ ಹದಿನೈದು ವರ್ಷವಾದರೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಜೀಪು, ಕಾರಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಗಾಳಿ ಎಲ್ಲರದು, ನಿಯಮ ಬೇಕು. ಆದರೆ ಕಾಡಿನ ದಾರಿಯಲ್ಲಿ ವಾರಕ್ಕೆ ಎರಡು ಸಲ ಓಡುವ ಜೀಪಿಗೆ ಬದಲಿಯಾಗಿ ಹೊಸ ಗಾಡಿ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಇರುವವರೆಗೆ ಅದು ಕಡಿಮೆ ಹೊಗೆ ಉಗುಳುವಂತೆ ಇಟ್ಟುಕೊಳ್ಳುವುದು ನಮ್ಮ ಜವಾಬ್ದಾರಿ. ಕಟ್ಟಿಕೊಂಡ ಏರ್ ಫಿಲ್ಟರ್ ಬದಲಿಸಿದರೇ ಕಪ್ಪು ಹೊಗೆ ಎಷ್ಟೋ ಸಲ ಇಳಿಯುತ್ತದೆ. ನೋಡಿಕೊಳ್ಳಲಾಗದ ಸ್ಥಿತಿಗೆ ಬಂದ ದಿನ ಬಿಟ್ಟುಕೊಡಲೂ ಸಿದ್ಧರಿರಬೇಕು.

ಜಗತ್ತಿನಲ್ಲಿ ಈಗ ‘ದುರಸ್ತಿಯ ಹಕ್ಕು’ ಎಂಬ ಮಾತು ನಡೆದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ವಾಹನ ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು ಮತ ಹಾಕಿದರು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಈ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆಯಿತು. ವಾಹನ, ಕೃಷಿ ಯಂತ್ರ, ಮೊಬೈಲ್ ಎಲ್ಲ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದರೆ ಹಕ್ಕು ಕಾಗದದ ಮೇಲೆ ಬಂದರೆ ಸಾಲದು, ಕೈಗೂ ಬರಬೇಕು. ಪಾನಾ ಹಿಡಿಯಲು ಬಾರದವರಿಗೆ ರಿಪೇರಿ ಮಾಹಿತಿ ಸಿಕ್ಕರೇನು, ಬಿಟ್ಟರೇನು?

ಕೈಗೆ ಬರುವ ದಾರಿ ನಮ್ಮ ಸುತ್ತಲೇ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಯಲ್ಲಿ ‘ಮೆಕ್ಯಾನಿಕ್ ಡೀಸೆಲ್’ ಒಂದು ವರ್ಷದ ಕೋರ್ಸು. ದಾಂಡೇಲಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಹಳಿಯಾಳದಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇದೆ. ಇವನ್ನು “ಮಾರ್ಕ್ಸ್ ಕಡಿಮೆ ಬಂದವರ ಜಾಗ” ಎಂದು ಮೂಗು ಮುರಿಯುವುದನ್ನು ನಾವು ಮೊದಲು ಬಿಡಬೇಕು. ಡೀಸೆಲ್ ಕಲಿತವರ ಕೈ ಜೀಪಿಗೆ ಮಾತ್ರ ಸೀಮಿತವಲ್ಲ. ಟ್ರ್ಯಾಕ್ಟರ್, ಪವರ್ ಟಿಲ್ಲರ್, ಜನರೇಟರ್, ಜೆಸಿಬಿ ಎಲ್ಲದರ ಹೊಟ್ಟೆಯಲ್ಲೂ ಅದೇ ತತ್ವ. ಪ್ರವಾಸಿಗರು ತುಂಬಿದ ಗಣೇಶಗುಡಿಯ ಹೋಮ್‌ಸ್ಟೇಗಳಲ್ಲಿ ಕರೆಂಟ್ ಹೋದಾಗ ಜನರೇಟರ್ ಸ್ಟಾರ್ಟ್ ಆಗದಿದ್ದರೆ ಯಾರನ್ನು ಕರೆಯುತ್ತಾರೆ, ಯೋಚಿಸಿ.

ಹುಡುಗಿಯರಿಗೆ ಇದೆಲ್ಲ ಯಾಕೆ ಎನ್ನುವವರಿಗೂ ಒಂದು ಮಾತು. ನಾನು ಜೀಪಿನ ಕೆಳಗಿದ್ದಾಗ ದಾರಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕದ್ದುಂಟು. ಆಮೇಲೆ ಅವರಲ್ಲೇ ಒಬ್ಬರು ತಮ್ಮ ಗಾಡಿಯ ಹೊಗೆ ಯಾಕೆ ಕಪ್ಪಗಿದೆ ಎಂದು ಕೇಳಿಕೊಂಡು ಬಂದರು. ಬಿರುಕು ಬಿಟ್ಟ ಪೈಪು ತನ್ನನ್ನು ಹುಡುಕಿದವರು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ.

ಸಂದರ್ಶನಗಳಿಗೆ ಹೋದಾಗ “ಸಮಸ್ಯೆ ಬಂದರೆ ಹೇಗೆ ಬಗೆಹರಿಸುತ್ತೀರಿ?” ಎಂದು ಕೇಳುತ್ತಾರೆ. ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಹೋಗುವವರೇ ಹೆಚ್ಚು. ಲಕ್ಷಣ ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಫಲಿತಾಂಶ ಬರೆದಿಡುವುದು, ಅನುಮಾನದ ಜಾಗವನ್ನು ಅರ್ಧ ಅರ್ಧ ಮಾಡುತ್ತ ಹೋಗುವುದು, ನನ್ನಿಂದಾಗದ್ದು ಬಂದರೆ ಬಲ್ಲವರ ಬಳಿ ಹೋಗುವುದು. ಲೆಕ್ಕಪತ್ರದಲ್ಲಿ ತಾಳೆಯಾಗದ ಮೊತ್ತ ಹುಡುಕಲೂ, ಕಂಪ್ಯೂಟರ್ ಪ್ರೋಗ್ರಾಮಿನ ದೋಷ ಹುಡುಕಲೂ ಇದೇ ಕ್ರಮ.

ಆದ್ದರಿಂದ ಗೆಳೆಯ ಗೆಳತಿಯರೇ, ಮನೆಯಲ್ಲಿ ಹಳೆಯ ಡೀಸೆಲ್ ಗಾಡಿ ಇದ್ದರೆ, ಇಲ್ಲವೇ ಪಕ್ಕದವರ ಟ್ರ್ಯಾಕ್ಟರ್ ಇದ್ದರೂ ಸರಿ, ಬರುವ ಭಾನುವಾರ ಒಂದು ಗಂಟೆ ಕೊಡಿ. ಎಂಜಿನ್ ತಣ್ಣಗಿರಲಿ. ಏನನ್ನೂ ಬಿಚ್ಚಬೇಡಿ. ಟ್ಯಾಂಕಿನಿಂದ ನಾಝಲ್‌ವರೆಗೆ ಡೀಸೆಲ್ ಹೋಗುವ ದಾರಿಯನ್ನು ಹಿಂಬಾಲಿಸಿ, ಒಂದು ಹಾಳೆಯ ಮೇಲೆ ಗೆರೆ ಎಳೆದು ಬರೆಯಿರಿ. ಅರ್ಥವಾಗದ ಜಾಗಕ್ಕೆ ಪ್ರಶ್ನೆ ಚಿಹ್ನೆ ಹಾಕಿ, ಮುಂದಿನ ಸಲ ಮಿಸ್ತ್ರಿ ಬಂದಾಗ ಆ ಹಾಳೆ ಹಿಡಿದು ಅವರ ಪಕ್ಕ ನಿಲ್ಲಿ. ಕೇಳುವವರಿಗೆ ಹೇಳಿಕೊಡುವ ಮಿಸ್ತ್ರಿಗಳು ನಮ್ಮ ಕಡೆ ಇನ್ನೂ ಇದ್ದಾರೆ.